ವಿದ್ಯುತ್ ವಾಹನ, ಗಣಿಯಿಂದ ಗುಜರಿವರೆಗೆ: ಪರಿಸರದ ಲೆಕ್ಕ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೀವನಚಕ್ರ ಲೆಕ್ಕ ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ಅದಿರನ್ನು ಗಣಿಯಿಂದ ಎತ್ತಿದ ಕ್ಷಣದಿಂದ ವಾಹನ ಗುಜರಿಗೆ ಹೋಗಿ ಅದರ ತಾಮ್ರ, ಕಬ್ಬಿಣ, ಬ್ಯಾಟರಿ ಪುಡಿ ಬೇರೆಬೇರೆಯಾಗುವವರೆಗೆ. ನಡುವೆ ಲೋಹ ಕರಗಿಸುವುದು, ಸೆಲ್ ತಯಾರಿ, ಜೋಡಣೆ, ಸಾಗಣೆ, ಹತ್ತು ಹದಿನೈದು ವರ್ಷದ ಓಟ, ಟೈರ್ ಮತ್ತು ಬಿಡಿಭಾಗಗಳ ಬದಲಾವಣೆ ಎಲ್ಲವೂ ಬರುತ್ತವೆ. ಪೆಟ್ರೋಲ್ ವಾಹನಕ್ಕೂ ಇದೇ ನಿಯಮ: ಕಚ್ಚಾ ತೈಲ ಬಾವಿಯಿಂದ ರಿಫೈನರಿ ದಾಟಿ ಬಂಕಿಗೆ ಬರುವಷ್ಟರಲ್ಲಿ ಆದ ಹೊಗೆಯೂ ಅದರ ಲೆಕ್ಕಕ್ಕೇ ಸೇರಬೇಕು.

ಐಎಸ್‌ಒ 14040 ಮತ್ತು 14044 ಎಂಬ ಎರಡು ಮಾನದಂಡಗಳು (ಎರಡೂ 2006ರವು) ಈ ಕೆಲಸವನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತವೆ: ಉದ್ದೇಶ ಮತ್ತು ವ್ಯಾಪ್ತಿ ಗೊತ್ತು ಮಾಡುವುದು, ಒಳಬರುವ ಹೊರಹೋಗುವ ವಸ್ತುಗಳ ಪಟ್ಟಿ ಮಾಡುವುದು, ಅವುಗಳ ಪರಿಣಾಮ ಲೆಕ್ಕ ಹಾಕುವುದು, ಫಲಿತಾಂಶವನ್ನು ಅರ್ಥೈಸುವುದು. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಮೊದಲ ಹಂತದಲ್ಲೇ. ಒಂದು ವರದಿ ಬ್ಯಾಟರಿಯನ್ನು ಗಣಿಯಿಂದ ಎಣಿಸಿ ಪೆಟ್ರೋಲನ್ನು ಟ್ಯಾಂಕಿನಿಂದ ಎಣಿಸಿದರೆ, ಮುಂದೆ ಎಷ್ಟು ನಾಜೂಕಾಗಿ ಕೂಡಿ ಕಳೆದರೂ ಪ್ರಯೋಜನವಿಲ್ಲ.

ಸೈಲೆನ್ಸರೇ ಇಲ್ಲದ ಗಾಡಿಗೆ ಹೊಗೆ ಸೊನ್ನೆ ತಾನೇ?

ಓಡುವ ಬೀದಿಯಲ್ಲಿ ಸೊನ್ನೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವರ ಶ್ವಾಸಕ್ಕೆ ಇದು ನಿಜವಾದ ಲಾಭ, ಕಡಿಮೆ ಮಾತಲ್ಲ. ಆದರೆ ಆ ಕರೆಂಟಿನ ಒಂದು ಪಾಲು ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಸುಟ್ಟು ಬಂದದ್ದು. ಅಲ್ಲಿನ ಹಾರುಬೂದಿ, ಗಂಧಕದ ಡೈಆಕ್ಸೈಡ್ ಆ ಊರುಗಳ ಪಾಲಿಗೆ ಉಳಿಯುತ್ತವೆ. ಜೀವನಚಕ್ರ ಲೆಕ್ಕ ಬೇಕಾಗಿರುವುದು ಇದಕ್ಕೇ: ಅನುಭವಿಸುವವರು ಬೇರೆ ಊರಿನವರಾದರೂ ಆ ಹೊಗೆ ಲೆಕ್ಕದಿಂದ ಜಾರಿಹೋಗಬಾರದು.

ಇಡೀ ಲೆಕ್ಕದಲ್ಲಿ ಫಲಿತಾಂಶ ತಿರುಗಿಸುವ ಅಂಕಿಗಳು ಯಾವುವು?

ನೂರಾರು ಅಂಕಿಗಳಿದ್ದರೂ ವಿದ್ಯುತ್ ವಾಹನದ (ಇವಿ) ಇಂಗಾಲದ ಲೆಕ್ಕವನ್ನು ನಾಲ್ಕೇ ಹೊತ್ತು ನಿಲ್ಲುತ್ತವೆ. ಬ್ಯಾಟರಿ ಎಷ್ಟು ಯೂನಿಟ್‌ನದು, ಒಂದು ಯೂನಿಟ್ ಸಾಮರ್ಥ್ಯ ತಯಾರಿಸಲು ಎಷ್ಟು ಕೆಜಿ ಇಂಗಾಲ. ಕಿಲೋಮೀಟರಿಗೆ ಪ್ಲಗ್‌ನಿಂದ ಎಷ್ಟು ಕರೆಂಟು. ಆ ಕರೆಂಟಿನ ಒಂದು ಯೂನಿಟ್‌ಗೆ ಎಷ್ಟು ಇಂಗಾಲ. ವಾಹನ ತನ್ನ ಆಯುಷ್ಯದಲ್ಲಿ ಒಟ್ಟು ಎಷ್ಟು ಕಿಲೋಮೀಟರ್ ಓಡುತ್ತದೆ. (ಯೂನಿಟ್ ಎಂದರೆ ಕರೆಂಟ್ ಬಿಲ್ಲಿನ ಯೂನಿಟ್ಟೇ, ಒಂದು ಕಿಲೋವ್ಯಾಟ್ ಅವರ್. ಇಂಗಾಲ ಎಂದಲ್ಲೆಲ್ಲ ಮೀಥೇನ್ ಮುಂತಾದವನ್ನೂ ಸೇರಿಸಿ ಇಂಗಾಲದ ಡೈಆಕ್ಸೈಡಿಗೆ ಸಮ ಮಾಡಿದ ತೂಕ.) ಸೀಟಿನ ಫೋಮ್, ಬಣ್ಣ, ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಎರಡೂ ಬಗೆಯ ವಾಹನಗಳಲ್ಲಿ ಹೆಚ್ಚುಕಡಿಮೆ ಒಂದೇ. ಅವುಗಳ ಹಿಂದೆ ತಿಂಗಳುಗಟ್ಟಲೆ ಓಡಾಡಿ ಪ್ಲಗ್‌ನ ಅಂಕಿಯನ್ನು ಜಾಹೀರಾತಿನಿಂದ ಎತ್ತಿಕೊಳ್ಳಬೇಡಿ.

ಒಂದು ಸ್ಕೂಟರಿನ ಲೆಕ್ಕ ಪೂರ್ತಿ ಮಾಡಿ ತೋರಿಸಿ.

3 ಯೂನಿಟ್ ಬ್ಯಾಟರಿಯ ಇ-ಸ್ಕೂಟರ್ ತೆಗೆದುಕೊಳ್ಳೋಣ. 100 ಕಿ.ಮೀ.ಗೆ ಬ್ಯಾಟರಿಯಿಂದ 3 ಯೂನಿಟ್, ಚಾರ್ಜರಿನಲ್ಲಿ ಬಿಸಿಯಾಗಿ ಹೋದದ್ದು ಸೇರಿ ಗೋಡೆಯ ಪ್ಲಗ್‌ನಿಂದ 3.4 ಯೂನಿಟ್ ಎಂದಿಟ್ಟುಕೊಳ್ಳಿ. ತಂತಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಶೇ 15 ನಷ್ಟ ಎಂದರೆ ಸ್ಥಾವರದಿಂದ ಹೊರಟದ್ದು 3.4 ಭಾಗಿಸು 0.85, ಅಂದರೆ 4 ಯೂನಿಟ್. ದೇಶದ ಗ್ರಿಡ್ (ಎಲ್ಲ ಸ್ಥಾವರಗಳನ್ನೂ ಜೋಡಿಸಿದ ವಿದ್ಯುತ್ ಜಾಲ) ಸರಾಸರಿ ಯೂನಿಟ್‌ಗೆ 0.72 ಕೆಜಿ, 2.88 ಕೆಜಿ ಆಯಿತು. ಕಲ್ಲಿದ್ದಲು ತೆಗೆಯುವುದು, ರೈಲಿನಲ್ಲಿ ತರುವುದು ಇತ್ಯಾದಿಗೆ ಶೇ 8 ಸೇರಿಸಿದರೆ 3.1 ಕೆಜಿ. ಕಿಲೋಮೀಟರಿಗೆ 31 ಗ್ರಾಂ.

ಈಗ ಪೆಟ್ರೋಲ್ ಸ್ಕೂಟರ್, ಊರೊಳಗೆ ಲೀಟರಿಗೆ 45 ಕಿ.ಮೀ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆಜಿ. ಬಾವಿಯಿಂದ ಬಂಕಿನವರೆಗಿನ ಸುಮಾರು 0.55 ಕೆಜಿ ಸೇರಿದರೆ 2.85 ಕೆಜಿ. 100 ಕಿ.ಮೀ.ಗೆ 6.3 ಕೆಜಿ, ಕಿಲೋಮೀಟರಿಗೆ 63 ಗ್ರಾಂ.

ಪ್ರತಿ 100 ಕಿ.ಮೀ.ಗೆ ಉಳಿತಾಯ 3.2 ಕೆಜಿ. ಬ್ಯಾಟರಿ ತಯಾರಿಕೆಗೆ ಯೂನಿಟ್‌ಗೆ 80 ಕೆಜಿಯಂತೆ 240 ಕೆಜಿ ಸಾಲ ಆಗಿದೆ. ಸಾಲ ತೀರುವುದು 7,500 ಕಿ.ಮೀ.ಗೆ. ದಿನಕ್ಕೆ 25 ಕಿ.ಮೀ. ಓಡಿಸುವವರಿಗೆ 300 ದಿನ. 50,000 ಕಿ.ಮೀ. ಓಡಿಸಿದರೆ ನಿವ್ವಳ ಉಳಿತಾಯ 1,360 ಕೆಜಿ. ನಡುವೆ ಒಮ್ಮೆ ಪೂರಾ ಬ್ಯಾಟರಿ ಬದಲಿಸಿದರೂ 1,120 ಕೆಜಿ. ಭಾರತದ ಇಂದಿನ ಕಲ್ಲಿದ್ದಲು ತುಂಬಿದ ಗ್ರಿಡ್‌ನಲ್ಲೂ ಇ-ಸ್ಕೂಟರ್ ನಿಸ್ಸಂದೇಹವಾಗಿ ಗೆಲ್ಲುತ್ತದೆ.

ಕಾರಿಗೂ ಇಷ್ಟೇ ಸುಲಭವೇ?

ಅಲ್ಲ, ಇಲ್ಲಿ ಎಚ್ಚರ ಬೇಕು. 40 ಯೂನಿಟ್ ಬ್ಯಾಟರಿಯ ಕಾರಿನ ಸಾಲ ಅದೇ 80ರ ದರದಲ್ಲಿ 3,200 ಕೆಜಿ. 100 ಕಿ.ಮೀ.ಗೆ ಪ್ಲಗ್‌ನಿಂದ 15 ಯೂನಿಟ್ ಹಿಡಿದು ಮೇಲಿನ ದಾರಿಯಲ್ಲೇ ನಡೆದರೆ 13.7 ಕೆಜಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು 19 ಕೆಜಿ. ವ್ಯತ್ಯಾಸ 5.3 ಕೆಜಿ ಮಾತ್ರ. ಸಾಲ ತೀರಲು 60,000 ಕಿ.ಮೀ. ಬೇಕು. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಐದು ವರ್ಷ. ವಾರಾಂತ್ಯಕ್ಕೆ ಮಾತ್ರ ಹೊರತೆಗೆದು ವರ್ಷಕ್ಕೆ 5,000 ಕಿ.ಮೀ. ಓಡಿಸುವವರಿಗೆ ಹನ್ನೆರಡು ವರ್ಷ! ದಿನಕ್ಕೆ 200 ಕಿ.ಮೀ. ದುಡಿಯುವ ಟ್ಯಾಕ್ಸಿಗೆ ಹತ್ತೇ ತಿಂಗಳು.

ಸ್ವಚ್ಛ ಸಾರಿಗೆಯ ಅಧ್ಯಯನ ನಡೆಸುವ ಐಸಿಸಿಟಿ ಸಂಸ್ಥೆಯ 2021ರ ಅಧ್ಯಯನ ಮಧ್ಯಮ ಗಾತ್ರದ ಇ-ಕಾರು ಜೀವನಪರ್ಯಂತ ಪೆಟ್ರೋಲ್ ಕಾರಿಗಿಂತ ಭಾರತದಲ್ಲಿ ಶೇ 19ರಿಂದ 34ರಷ್ಟು, ಯುರೋಪಿನಲ್ಲಿ ಶೇ 66ರಿಂದ 69ರಷ್ಟು ಕಡಿಮೆ ಇಂಗಾಲ ಬಿಡುತ್ತದೆ ಎಂದಿತ್ತು. ಅಂತರಕ್ಕೆ ಮುಖ್ಯ ಕಾರಣ ಗ್ರಿಡ್. ಯುರೋಪಿನ ಶೇಕಡಾವಾರನ್ನು ನಮ್ಮ ಊರಿನ ಜಾಹೀರಾತಿಗೆ ಅಂಟಿಸುವುದು ತಪ್ಪು. ದೊಡ್ಡ ಬ್ಯಾಟರಿಯ ಭಾರಿ ಎಸ್‌ಯುವಿಯನ್ನು ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕಿನ ಬದಲಿಗೆ ಕೊಂಡರೆ ಇಂಗಾಲದ ಲಾಭ ಕೈಗೆ ಸಿಗದೆಯೇ ಹೋಗಬಹುದು.

ಹಾಗಾದರೆ ಹೈಬ್ರಿಡ್ ಕಾರೇ ಮೇಲಲ್ಲವೇ?

ಲೀಟರಿಗೆ 22 ಕಿ.ಮೀ. ಕೊಡುವ, ಪೆಟ್ರೋಲ್ ಎಂಜಿನ್ ಜೊತೆ ಸಣ್ಣ ಬ್ಯಾಟರಿಯೂ ಮೋಟರೂ ಇರುವ ಹೈಬ್ರಿಡ್‌ನ ಓಟದ ಲೆಕ್ಕ 100 ಕಿ.ಮೀ.ಗೆ 13 ಕೆಜಿ. ಇಂದಿನ ಗ್ರಿಡ್ ಹದಿನೈದು ವರ್ಷ ಹೀಗೇ ಇರುತ್ತದೆ ಎಂದು ಹಿಡಿದರೆ ಹೈಬ್ರಿಡ್ ಮುಂದೆ ನಿಲ್ಲುತ್ತದೆ. ಹೈಬ್ರಿಡ್ ಪರವಾದ ವರದಿಗಳಲ್ಲಿ ಮೊದಲು ನೋಡಬೇಕಾದ್ದು ಈ ಊಹೆಯನ್ನೇ. ಇಂದು ಕೊಂಡ ಪೆಟ್ರೋಲ್ ಎಂಜಿನ್ 2038ರಲ್ಲೂ ಲೀಟರಿಗೆ ಅಷ್ಟೇ ಇಂಗಾಲ ಉಗುಳುತ್ತದೆ. ಗ್ರಿಡ್ ಸರಾಸರಿ 0.5ಕ್ಕೆ ಇಳಿದರೆ ಅದೇ ಇ-ಕಾರು 13.7ರಿಂದ 9.5 ಕೆಜಿಗೆ ತಾನೇ ಇಳಿಯುತ್ತದೆ. ಆದ್ದರಿಂದ ಎರಡು ಲೆಕ್ಕ ಕೊಡಿ: ಸ್ಥಿರ ಗ್ರಿಡ್ ಒಂದು, ವರ್ಷದಿಂದ ವರ್ಷಕ್ಕೆ ಇಳಿಯುವ ಗ್ರಿಡ್ ಒಂದು. ಒಂದನ್ನೇ ಕೊಟ್ಟು ತೀರ್ಪು ಹೇಳುವುದು ಓದುಗರಿಗೆ ಮಾಡುವ ಅನ್ಯಾಯ.

ಪ್ಲಗ್‌ನಿಂದ ಎಳೆದ ಕರೆಂಟನ್ನು ಸರಿಯಾಗಿ ಅಳೆಯುವುದು ಹೇಗೆ?

ಕಂಪನಿ ಹೇಳುವ ರೇಂಜ್ ಪ್ರಯೋಗಾಲಯದ ರೋಲರ್ ಮೇಲೆ, ನಿಗದಿತ ವೇಗದಲ್ಲಿ ಬಂದದ್ದು. ಗಾಡಿಯ ಪರದೆ ತೋರಿಸುವ ವ್ಯಾಟ್ ಅವರ್ ಬ್ಯಾಟರಿಯಿಂದ ಹೊರಬಂದದ್ದು; ಚಾರ್ಜರ್ ನುಂಗಿದ್ದು ಅದರಲ್ಲಿಲ್ಲ. ಲೆಕ್ಕಕ್ಕೆ ಬೇಕಾದ್ದು ಗೋಡೆಯ ಅಂಕಿ. ಅದಕ್ಕೆ 16 ಆಂಪಿಯರ್ ತಾಳುವ, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಎನರ್ಜಿ ಮೀಟರ್ ಸಾಕು. 6 ಆಂಪಿಯರಿನ ಅಗ್ಗದ ಮೀಟರ್ ಹಾಕಿದರೆ ಪಿನ್ ಕಾದು ಪ್ಲಾಸ್ಟಿಕ್ ಕರಗಬಹುದು, ಅದರ ಸಹವಾಸ ಬೇಡ.

ಪೆಟ್ರೋಲ್ ಗಾಡಿಯ ಫುಲ್ ಟ್ಯಾಂಕ್ ಪರೀಕ್ಷೆಯನ್ನೇ ಇಲ್ಲಿ ಮಾಡಿ. ರಾತ್ರಿ ಶೇ 100 ಚಾರ್ಜ್ ಮಾಡಿ, ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ಓಡೋಮೀಟರ್ ಬರೆದುಕೊಳ್ಳಿ, ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಹತ್ತು ದಿನ ಎಂದಿನಂತೆ ಓಡಿಸಿ, ಆದರೆ ಪ್ರತಿ ಚಾರ್ಜೂ ಇದೇ ಮೀಟರ್ ಮೂಲಕವೇ ಆಗಲಿ. ಕೊನೆಗೆ ಮತ್ತೆ ಶೇ 100 ಮಾಡಿ. 270 ಕಿ.ಮೀ. ಓಡಿ ಮೀಟರ್ 9.2 ತೋರಿಸಿದರೆ 100 ಕಿ.ಮೀ.ಗೆ 3.4 ಯೂನಿಟ್.

ಎಡವುವ ಜಾಗಗಳು ಕೆಲವಿವೆ. ಶೇ 95ರಿಂದ 100ರ ನಡುವೆ ಸೆಲ್‌ಗಳನ್ನು ಸಮ ಮಾಡಲು ಬಿಎಂಎಸ್ (ಬ್ಯಾಟರಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ) ನಿಧಾನಕ್ಕೆ ಕರೆಂಟು ಎಳೆಯುತ್ತಿರುತ್ತದೆ. ಆರಂಭದಲ್ಲಿ ಇದು ಮುಗಿಯುವ ಮೊದಲೇ ಪ್ಲಗ್ ಕಿತ್ತು ಕೊನೆಯಲ್ಲಿ ಪೂರ್ತಿ ಬಿಟ್ಟರೆ ಅಂಕಿ ಏರುಪೇರಾಗುತ್ತದೆ. ಒಂದೇ ಚಾರ್ಜಿನ ಮೇಲೆ ತೀರ್ಮಾನ ಮಾಡಬೇಡಿ. ಟೈರಿನ ಗಾಳಿ ಕಡಿಮೆ ಇದ್ದರೆ, ಹಿಂಬದಿ ಸವಾರರಿದ್ದರೆ, ಯಾವ ಮೋಡ್‌ನಲ್ಲಿ ಓಡಿಸಿದಿರೋ ಅದನ್ನೂ ದಿನಚರಿಯಲ್ಲಿ ಬರೆಯಿರಿ. ಹೊರಗೆ ಎಲ್ಲೋ ಫಾಸ್ಟ್ ಚಾರ್ಜ್ ಮಾಡಿದ್ದನ್ನು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಗ್ರಿಡ್ ಅಂಕಿ ಎಲ್ಲಿಂದ ತೆಗೆದುಕೊಳ್ಳಬೇಕು? ಕರ್ನಾಟಕದಲ್ಲಿ ಸೋಲಾರ್, ಗಾಳಿ, ಜಲವಿದ್ಯುತ್ ಜಾಸ್ತಿಯಲ್ಲವೇ?

ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಇಂಗಾಲದ ಡೈಆಕ್ಸೈಡ್ ದತ್ತಾಂಶ ಪ್ರಕಟಿಸುತ್ತದೆ. 2022-23ಕ್ಕೆ ನವೀಕರಿಸಬಹುದಾದ ಮೂಲಗಳೂ ಸೇರಿದ ಸರಾಸರಿ ಯೂನಿಟ್‌ಗೆ 0.716 ಕೆಜಿ. ಬಳಸುವಾಗ ಎರಡು ಸಂಗತಿ ಗಮನಿಸಿ. ನವೀಕರಿಸಬಹುದಾದವನ್ನು ಬಿಟ್ಟು ಲೆಕ್ಕ ಹಾಕಿದ, ಇದಕ್ಕಿಂತ ಹೆಚ್ಚಿನ ಸರಾಸರಿಯೂ ಚಾಲ್ತಿಯಲ್ಲಿದೆ. ಯಾವುದನ್ನು ಎತ್ತಿಕೊಂಡಿರಿ ಎಂದು ಬರೆಯಿರಿ. ಎರಡನೆಯದು, ಇದು ಸ್ಥಾವರದಲ್ಲಿ ಉರಿದ ಇಂಧನದ್ದು ಮಾತ್ರ. ಗಣಿ, ರೈಲು, ಗಣಿಯಿಂದ ಸೋರುವ ಮೀಥೇನ್ ಅದರಲ್ಲಿಲ್ಲ. ಪೆಟ್ರೋಲಿಗೆ ಬಾವಿಯಿಂದ ಎಣಿಸಿದ ಮೇಲೆ ಕಲ್ಲಿದ್ದಲನ್ನೂ ಗಣಿಯಿಂದ ಎಣಿಸಲೇಬೇಕು.

ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್, ಶರಾವತಿಯ 1,035 ಮೆಗಾವ್ಯಾಟ್ ಜಲವಿದ್ಯುತ್, ಕೈಗಾದ ನಾಲ್ಕು ಘಟಕ, ಚಿತ್ರದುರ್ಗ ಮತ್ತು ಗದಗದ ಗಾಳಿಯಂತ್ರಗಳು, ಇವೆಲ್ಲ ನಮ್ಮ ರಾಜ್ಯದ ಹೆಮ್ಮೆ. ಆದರೂ ಕರ್ನಾಟಕದ ಮಟ್ಟಿಗೆ ಬೇರೆ ಅಂಕಿ ಬಳಸಬೇಕೇ ಎಂಬುದಕ್ಕೆ ಒಪ್ಪಿತ ಉತ್ತರವಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ ಬಂತು. ಅಂದಿನಿಂದ ಮಧ್ಯಾಹ್ನ ಇಲ್ಲಿ ಹೆಚ್ಚಾದ ಸೋಲಾರ್ ಹೊರಹೋಗಬಹುದು, ಬೇಸಿಗೆಯ ಸಂಜೆ ಹೊರಗಿನ ಕಲ್ಲಿದ್ದಲ ಕರೆಂಟು ಒಳಬರಬಹುದು. ಮುಖ್ಯ ಫಲಿತಾಂಶಕ್ಕೆ ದೇಶದ ಸರಾಸರಿ ಹಿಡಿದು, ರಾಜ್ಯದ ಅಂಕಿಯನ್ನು ಪಕ್ಕದಲ್ಲಿ ತೋರಿಸುವುದು ಸರಿ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಹಳ್ಳ: ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ (ಎಟಿ ಅಂಡ್ ಸಿ) ನಷ್ಟವನ್ನು ತಂತಿಯ ನಷ್ಟವೆಂದು ಹಾಕಿಬಿಡುವುದು. ಅದರಲ್ಲಿ ಕರೆಂಟು ಕಳವು, ವಸೂಲಾಗದ ಬಿಲ್ಲು ಸೇರಿವೆ. ಕದ್ದ ಕರೆಂಟು ಎಲ್ಲೋ ದೀಪ ಹಚ್ಚಿದೆ, ಅದರ ಹೊಗೆಯನ್ನು ನಿಮ್ಮ ಸ್ಕೂಟರಿನ ತಲೆಗೆ ಕಟ್ಟಬಾರದು.

ರಾತ್ರಿ ಚಾರ್ಜ್ ಮಾಡುವುದಕ್ಕೂ ಮಧ್ಯಾಹ್ನ ಮಾಡುವುದಕ್ಕೂ ವ್ಯತ್ಯಾಸ ಇದೆಯೇ? ಮನೆ ಮೇಲೆ ಸೋಲಾರ್ ಇದ್ದರೆ?

ಇದೆ. ರಾತ್ರಿ ಹತ್ತಕ್ಕೆ ಹೊಸದಾಗಿ ಒಂದು ಸ್ಕೂಟರ್ ಪ್ಲಗ್‌ಗೆ ಸೇರಿದರೆ ಆ ಹೆಚ್ಚುವರಿ ಬೇಡಿಕೆಯನ್ನು ಹೊರುವುದು ಬಹುಪಾಲು ಕಲ್ಲಿದ್ದಲು. ಮಧ್ಯಾಹ್ನ ಹನ್ನೆರಡಕ್ಕೆ ಸೋಲಾರಿನ ಪಾಲು ದೊಡ್ಡದು. ಕಚೇರಿ, ಕಾಲೇಜು, ಕಾರ್ಖಾನೆಯ ಪಾರ್ಕಿಂಗ್‌ನಲ್ಲಿ 15 ಆಂಪಿಯರಿನ ಸಾಮಾನ್ಯ ಸಾಕೆಟ್ ಸಾಲಾಗಿ ಹಾಕಿಸುವುದು ಪರಿಸರದ ದೃಷ್ಟಿಯಿಂದ ದುಬಾರಿ ಫಾಸ್ಟ್ ಚಾರ್ಜರಿಗಿಂತ ಒಳ್ಳೆಯ ಖರ್ಚು, ಏಕೆಂದರೆ ಗಾಡಿ ಹೇಗಿದ್ದರೂ ಅಲ್ಲಿ ಎಂಟು ಗಂಟೆ ಬಿಸಿಲು ಹೊತ್ತಿನಲ್ಲಿ ನಿಂತಿರುತ್ತದೆ.

ಮನೆಯ ಸೋಲಾರ್, ಹೆಚ್ಚಾದದ್ದನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆದುಕೊಳ್ಳುವ ನೆಟ್ ಮೀಟರಿಂಗ್‌ನಲ್ಲಿದ್ದು ಗಾಡಿ ರಾತ್ರಿ ಚಾರ್ಜ್ ಆಗುತ್ತಿದ್ದರೆ ಬಿಲ್ಲು ಸೊನ್ನೆಯಾದರೂ ಗಾಡಿಗೆ ಹೋದದ್ದು ಗ್ರಿಡ್ ಕರೆಂಟು. ಹಗಲಿನ ಸೋಲಾರನ್ನು ಪಕ್ಕದ ಮನೆಯವರು ಬಳಸಿದ್ದಾರೆ. ‘ಮನೆ ಶುದ್ಧ’ ಎಂದು ಒಮ್ಮೆ, ‘ಗಾಡಿ ಶುದ್ಧ’ ಎಂದು ಇನ್ನೊಮ್ಮೆ ಅದೇ ಯೂನಿಟ್ಟನ್ನು ಎರಡು ಸಲ ಎಣಿಸಬೇಡಿ. ನೇರ ಸೋಲಾರಿನಿಂದಲೇ ಚಾರ್ಜ್ ಮಾಡಿದರೂ ಸೊನ್ನೆ ಬರೆಯುವಂತಿಲ್ಲ. ಪ್ಯಾನೆಲ್ ತಯಾರಿಕೆಯ ಪಾಲು ಯೂನಿಟ್‌ಗೆ ಸುಮಾರು 40ರಿಂದ 50 ಗ್ರಾಂ ಇರುತ್ತದೆ.

ಬ್ಯಾಟರಿಯ ಒಂದು ಯೂನಿಟ್‌ಗೆ ಒಬ್ಬರು 60 ಕೆಜಿ ಎನ್ನುತ್ತಾರೆ, ಇನ್ನೊಬ್ಬರು 200. ಯಾರು ಸರಿ?

ಹೆಚ್ಚಾಗಿ ವರ್ಷ ಬೇರೆ, ಕಾರ್ಖಾನೆ ಬೇರೆ. ಸ್ವೀಡನ್ನಿನ ಐವಿಎಲ್ ಸಂಸ್ಥೆ 2017ರಲ್ಲಿ 150ರಿಂದ 200 ಕೆಜಿ ಎಂದಿತ್ತು. 2019ರಲ್ಲಿ ಅದೇ ಸಂಸ್ಥೆ 61ರಿಂದ 106ಕ್ಕೆ ತಿದ್ದಿತು. ಹಳೆಯ ಅಂಕಿ ಇಂದಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಕಾರ್ಖಾನೆಯೊಳಗೆ ಕರೆಂಟು ಹೋಗುವುದು ಎಲ್ಲಿಗೆ ಎಂದು ತಿಳಿದರೆ ಈ ಅಂತರ ಅರ್ಥವಾಗುತ್ತದೆ. ಎಲೆಕ್ಟ್ರೋಡ್ ಹಾಳೆಗೆ ಬಳಿದ ಕಪ್ಪು ಲೇಪನವನ್ನು ಉದ್ದನೆಯ ಒಲೆಯೊಳಗೆ ಹಾಯಿಸಿ ಅದರ ದ್ರಾವಕವನ್ನು ಆರಿಸಬೇಕು. ಲಿಥಿಯಂ ಲವಣಕ್ಕೆ ತೇವಾಂಶ ಶತ್ರು, ಹಾಗಾಗಿ ಸೆಲ್ ಜೋಡಿಸುವ ಕೋಣೆಯ ಗಾಳಿಯನ್ನು ಮೈನಸ್ 40 ಡಿಗ್ರಿ ಇಬ್ಬನಿ ಬಿಂದುವಿನಷ್ಟು (ಅಷ್ಟು ತಂಪಾಗುವವರೆಗೂ ಇಬ್ಬನಿ ಕಟ್ಟದಷ್ಟು) ಒಣಗಿಸಿ ಇಡಬೇಕು, ಹಗಲು ರಾತ್ರಿ. ಕಾರ್ಖಾನೆ ಅರ್ಧ ಸಾಮರ್ಥ್ಯದಲ್ಲಿ ಓಡಿದರೂ ಆ ಕೋಣೆಯ ಕರೆಂಟು ಅರ್ಧಕ್ಕಿಳಿಯದು. ಮೊದಲ ವರ್ಷಗಳ ಸಣ್ಣ ಘಟಕಗಳ ಅಂಕಿಗಳು ದೊಡ್ಡದಾಗಿದ್ದುದಕ್ಕೆ ಇದೊಂದು ಕಾರಣ. ಅದೇ ಸೆಲ್ ಕಲ್ಲಿದ್ದಲ ಕರೆಂಟಿನಲ್ಲಿ ಆದರೆ ಒಂದು ಅಂಕಿ, ಜಲವಿದ್ಯುತ್ತಿನಲ್ಲಿ ಆದರೆ ಇನ್ನೊಂದು.

ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣದ ಫಾಸ್ಫೇಟ್) ಬ್ಯಾಟರಿಯಲ್ಲಿ ನಿಕಲ್, ಕೋಬಾಲ್ಟ್ ಇಲ್ಲ. ಒಂದು ಯೂನಿಟ್‌ಗೆ ಸುಮಾರು 2 ಕೆಜಿ ಎಲ್‌ಎಫ್‌ಪಿ ಪುಡಿ, 1 ಕೆಜಿ ಗ್ರಾಫೈಟ್, ಅದರೊಳಗೆ ಲಿಥಿಯಂ ಲೋಹವಾಗಿ ಸುಮಾರು 100 ಗ್ರಾಂ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬೆರೆತದ್ದು) ಹಗುರ, ಆದರೆ ನಿಕಲ್ ಮತ್ತು ಕೋಬಾಲ್ಟ್‌ನ ಗಣಿಹೊರೆ ಹೊತ್ತಿರುತ್ತದೆ. ಲೆಕ್ಕ ಮಾಡುವಾಗ ಸೆಲ್ ಮಾತ್ರವೇ, ಅಲ್ಯುಮಿನಿಯಂ ಪೆಟ್ಟಿಗೆ, ಬಿಎಂಎಸ್, ತಂತಿ ಸೇರಿದ ಪೂರ್ತಿ ಪ್ಯಾಕೇ ಎಂದು ನೋಡಿ. ಕಲ್ಲಿದ್ದಲ ಕರೆಂಟಿನಲ್ಲಿ ಕರಗಿಸಿದ ಅಲ್ಯುಮಿನಿಯಂ ಸಣ್ಣ ಪ್ಯಾಕಿನಲ್ಲಿ ಆಶ್ಚರ್ಯವಾಗುವಷ್ಟು ಪಾಲು ತಿನ್ನುತ್ತದೆ. ಸಾಮರ್ಥ್ಯವನ್ನೂ ಹಾಗೆಯೇ: ತಯಾರಾದದ್ದು ಪೂರ್ತಿ ಸಾಮರ್ಥ್ಯ, ಬಳಸಲು ಬಿಟ್ಟದ್ದು ಅದಕ್ಕಿಂತ ಕಡಿಮೆ. ಸಾಲದ ಲೆಕ್ಕಕ್ಕೆ ಪೂರ್ತಿಯದನ್ನೇ ಹಿಡಿಯಿರಿ.

ಮಂಡ್ಯದ ಲಿಥಿಯಂ ಸಿಕ್ಕರೆ ಹೊರೆ ಇಳಿಯುತ್ತದೆಯೇ?

ಮಂಡ್ಯ ಜಿಲ್ಲೆಯ ಮರಳಗಾಲ ಭಾಗದಲ್ಲಿ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ 2021ರಲ್ಲಿ ಹೊರಗಿಟ್ಟಿತು. 3 ಯೂನಿಟ್ ಸ್ಕೂಟರಿಗೆ 300 ಗ್ರಾಂ ಎಂದರೆ, ಒಂದು ಗ್ರಾಮೂ ಪೋಲಾಗದೆ ಎಲ್ಲವನ್ನೂ ತೆಗೆದರೆ 53 ಲಕ್ಷ ಸ್ಕೂಟರಿಗೆ ಆದೀತು. ಕಾರಿನ ಲೆಕ್ಕಕ್ಕೆ ನಾಲ್ಕು ಲಕ್ಷ. ಇಂಗಾಲದ ದೃಷ್ಟಿಯಿಂದ ಹತ್ತಿರದ ಗಣಿ ಎಂಬ ಕಾರಣಕ್ಕೆ ದೊಡ್ಡ ಲಾಭವೇನಿಲ್ಲ. ಹಡಗಿನ ಸಾಗಣೆ ಒಟ್ಟು ಹೊರೆಯಲ್ಲಿ ಸಣ್ಣ ಪಾಲು. ಗಟ್ಟಿಬಂಡೆಯಿಂದ ಲಿಥಿಯಂ ತೆಗೆಯಲು ಅದಿರನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸು ಹುರಿಯಬೇಕು, ಹಾಗಾಗಿ ಚಿಲಿಯ ಅಟಕಾಮ ಉಪ್ಪುನೀರಿನಿಂದ ಬಿಸಿಲಿನಲ್ಲಿ ಆರಿಸಿ ತೆಗೆದ ಲಿಥಿಯಂಗಿಂತ ಅದರ ಇಂಗಾಲ ಹಲವು ಪಟ್ಟು. ಅಟಕಾಮದಲ್ಲಿ ಇಂಗಾಲ ಕಡಿಮೆ, ಆದರೆ ಒಣ ಮರುಭೂಮಿಯ ನೀರಿನ ಪ್ರಶ್ನೆ ದೊಡ್ಡದು.

ಬ್ಯಾಟರಿ ಎಷ್ಟು ವರ್ಷ ಎಂದು ಹಿಡಿಯಬೇಕು?

ಕಾರುಗಳಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಸಾಮಾನ್ಯ. ವಾರಂಟಿ ಮುಗಿದ ದಿನವೇ ಬ್ಯಾಟರಿ ಸಾಯುವುದಿಲ್ಲ, ಸಾಮರ್ಥ್ಯ ಕುಗ್ಗಿರುತ್ತದೆ ಅಷ್ಟೇ. ಒಂದು ಬ್ಯಾಟರಿಯಲ್ಲೇ ಮುಗಿಯುವ ಲೆಕ್ಕ, ಒಂದೂವರೆ ಬ್ಯಾಟರಿಯ ಲೆಕ್ಕ, ಎರಡರ ಲೆಕ್ಕ ಮೂರನ್ನೂ ಮಾಡಿ. ಕಲಬುರಗಿ, ರಾಯಚೂರಿನಂಥ 42 ಡಿಗ್ರಿ ದಾಟುವ ಊರುಗಳಿಗೆ ಮೈಸೂರಿನ ಬಾಳಿಕೆ ಹಿಡಿಯಬೇಡಿ. ಬಿಸಿಲಿನಲ್ಲಿ ಶೇ 100 ತುಂಬಿ ನಿಂತ ಬ್ಯಾಟರಿ ಓಡದೆಯೂ ಸವೆಯುತ್ತದೆ. ನೆರಳಲ್ಲಿ ನಿಲ್ಲಿಸುವುದು, ಓಡಿ ಬಂದ ಮೇಲೆ ಅರ್ಧ ಗಂಟೆ ಆರಲು ಬಿಟ್ಟು ಚಾರ್ಜ್ ಮಾಡುವುದು ಬಾಳಿಕೆಗೂ ಪರಿಸರಕ್ಕೂ ಒಂದೇ ಸಲ ಒಳ್ಳೆಯದು.

ಮರುಬಳಕೆಯ ಲಾಭವನ್ನು ಲೆಕ್ಕಕ್ಕೆ ಸೇರಿಸಬಹುದೇ?

ಸೇರಿಸಬಹುದು, ಒಂದೇ ಸಲ. ಹೊಸ ಬ್ಯಾಟರಿಗೆ ಮರುಬಳಕೆಯ ಲೋಹ ಹಾಕಿದ್ದೇವೆ ಎಂದು ಆರಂಭದಲ್ಲಿ ಕಳೆದು, ಕೊನೆಗೆ ಅದೇ ಲೋಹ ಮರಳಿ ಸಿಗುತ್ತದೆ ಎಂದು ಮತ್ತೆ ಕಳೆಯುವ ವರದಿಗಳಿವೆ. ಮರುಬಳಕೆಯ ವಸ್ತು ಬಳಸಿದ್ದಕ್ಕೆ ಆರಂಭದಲ್ಲಿ ಲಾಭ ಕೊಡುವುದು ಒಂದು ಪದ್ಧತಿ, ಕೊನೆಯಲ್ಲಿ ಹಿಂದಿರುಗಿಸಿದ್ದಕ್ಕೆ ಕೊಡುವುದು ಇನ್ನೊಂದು. ಒಂದನ್ನು ಆರಿಸಿ, ಹೆಸರು ಬರೆಯಿರಿ, ಕೊನೆಯವರೆಗೆ ಅದಕ್ಕೇ ಅಂಟಿಕೊಳ್ಳಿ.

2022ರ ಆಗಸ್ಟ್‌ನ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಇವಿ ಬ್ಯಾಟರಿಯಿಂದ ಮರಳಿ ತೆಗೆಯಬೇಕಾದ ವಸ್ತುವಿನ ಪಾಲು 2024-25ಕ್ಕೆ ಶೇ 70, ಮರುವರ್ಷ 80, 2026-27ರಿಂದ 90. ಹೊಸ ಬ್ಯಾಟರಿಯಲ್ಲಿ ಮರುಬಳಕೆಯ ವಸ್ತು 2027-28ಕ್ಕೆ ಕನಿಷ್ಠ ಶೇ 5, 2030-31ಕ್ಕೆ 20. ನಿಯಮದ ಶೇ 90ನ್ನು ನೇರವಾಗಿ ಲೆಕ್ಕಕ್ಕೆ ಹಾಕುವ ಮೊದಲು, ಹಳೆಯ ಬ್ಯಾಟರಿಗಳಲ್ಲಿ ಎಷ್ಟು ನಿಜಕ್ಕೂ ಆ ಘಟಕದ ಬಾಗಿಲಿಗೆ ಬಂದವು ಎಂದು ಕೇಳಿ. ನಿಕಲ್, ಕೋಬಾಲ್ಟ್ ಇರುವ ಬ್ಯಾಟರಿಗೆ ಗುಜರಿಯವರು ತಾವಾಗಿಯೇ ಬರುತ್ತಾರೆ. ಎಲ್‌ಎಫ್‌ಪಿಯಲ್ಲಿ ಬೆಲೆಬಾಳುವುದು ಕಡಿಮೆ, ಆದ್ದರಿಂದ ಅದು ಮೂಲೆ ಸೇರುವ ಭಯ ಹೆಚ್ಚು. ಪೂರ್ತಿ ಖಾಲಿ ಮಾಡದ ಪ್ಯಾಕನ್ನು ಸುತ್ತಿಗೆಯಿಂದ ಒಡೆದರೆ ಬೆಂಕಿ, ವಿಷಾನಿಲ ಖಚಿತ. ಒಡೆಯುವವರ ಜೀವದ ಪ್ರಶ್ನೆ ಅದು.

ಇಂಗಾಲ ಬಿಟ್ಟು ಬೇರೇನು ನೋಡಬೇಕು?

ಇಂಗಾಲದಲ್ಲಿ ಗೆದ್ದ ಇವಿ ಕೆಲವು ಸಾಲುಗಳಲ್ಲಿ ಸೋಲುತ್ತದೆ, ಅದನ್ನು ಮುಚ್ಚಿಡಬಾರದು. ತಾಮ್ರ ಮತ್ತು ನಿಕಲ್ ಗಣಿಗಳ ತ್ಯಾಜ್ಯದಿಂದ ಮನುಷ್ಯರಿಗೂ ನೀರಿನ ಜೀವಿಗಳಿಗೂ ಆಗುವ ವಿಷಬಾಧೆ, ಸಲ್ಫೈಡ್ ಅದಿರು ಕರಗಿಸುವಾಗಿನ ಗಂಧಕದಿಂದ ಆಮ್ಲೀಕರಣ, ಖನಿಜಗಳ ಬರಿದಾಗುವಿಕೆ, ಈ ಮೂರರಲ್ಲಿ ಪೆಟ್ರೋಲ್ ವಾಹನಕ್ಕಿಂತ ಹೆಚ್ಚು ಬರುವುದು ಸಾಮಾನ್ಯ. ಜಗತ್ತಿನ ಕೋಬಾಲ್ಟ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವ ಸಂಗತಿ ಇಂಗಾಲದ ಯಾವ ಅಂಕಿಯಲ್ಲೂ ಕಾಣುವುದಿಲ್ಲ.

ದೂಳಿನ ವಿಷಯದಲ್ಲಿ ಮೋಟರೇ ಗಾಡಿಯನ್ನು ನಿಧಾನಿಸುವುದರಿಂದ ಬ್ರೇಕ್ ಸವೆತ ಕಡಿಮೆ, ತೂಕದಿಂದಾಗಿ ಟೈರ್ ಸವೆತ ಹೆಚ್ಚು. ಎಸಿ ಇರುವ ಕಾರಿನಲ್ಲಿ ಆರ್-134ಎ ಅನಿಲ ಸೋರಿಕೆಯನ್ನು ಬಹಳ ಮಂದಿ ಮರೆಯುತ್ತಾರೆ: ಅರ್ಧ ಕೆಜಿ ಸೋರಿದರೆ 700 ಕೆಜಿ ಇಂಗಾಲಕ್ಕೆ ಸಮ. ಪೆಟ್ರೋಲ್ ಕಾರಿಗೂ ಇದು ಅನ್ವಯ, ಎರಡಕ್ಕೂ ಹಾಕಿ.

ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಬಂದ ಮೇಲೆ ಹೋಲಿಕೆ ಬದಲಾಗುವುದಿಲ್ಲವೇ?

ಸ್ವಲ್ಪ ಬದಲಾಗುತ್ತದೆ. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ 45 ಕೊಡುತ್ತಿದ್ದ ಸ್ಕೂಟರ್ 42 ಕೊಟ್ಟೀತು. ಎಥೆನಾಲ್ ಉರಿದ ಇಂಗಾಲ ಬೆಳೆಯೇ ಗಾಳಿಯಿಂದ ಹೀರಿದ್ದಾದ್ದರಿಂದ ಸೊನ್ನೆ ಹಿಡಿದು, ಬೆಳೆಯುವ ಮತ್ತು ಭಟ್ಟಿ ಇಳಿಸುವ ಹೊರೆ ಲೀಟರಿಗೆ 0.7 ಕೆಜಿ ಎಂದು ಭಾವಿಸಿದರೆ ಕಿಲೋಮೀಟರಿಗೆ 63 ಗ್ರಾಂ ಇದ್ದದ್ದು 58ಕ್ಕೆ ಬರುತ್ತದೆ. ಸಾಲ ತೀರುವ ದೂರ 7,500ರಿಂದ 9,000 ಕಿ.ಮೀ. ಹತ್ತಿರಕ್ಕೆ ಹೋಗುತ್ತದೆ. ಆದರೆ ಕಬ್ಬಿಗೆ ಕುಡಿಸಿದ ನೀರಿನ ಸಾಲು ಇಲ್ಲಿ ಹೊಸದಾಗಿ ಸೇರುತ್ತದೆ, ಅದನ್ನೂ ಬರೆಯಿರಿ. ಸಕ್ಕರೆಯ ಜೊತೆ ಬಂದ ಕಾಕಂಬಿಯ ಎಥೆನಾಲಿಗೆ ಹೊರೆ ಕಡಿಮೆ, ನೇರ ಕಬ್ಬಿನ ಹಾಲಿನದಕ್ಕೆ ಹೆಚ್ಚು.

ಇ-ಬಸ್ ಲೆಕ್ಕ ಏಕೆ ಗೊಂದಲ ಮೂಡಿಸುತ್ತದೆ?

ಎಸಿ ಇರುವ ಇ-ಬಸ್ಸನ್ನು ಎಸಿ ಇಲ್ಲದ ಡೀಸೆಲ್ ಬಸ್ಸಿನ ಪಕ್ಕ ಇಡುವುದರಿಂದ. ಲೀಟರಿಗೆ 4 ಕಿ.ಮೀ. ಕೊಡುವ ಎಸಿ ರಹಿತ ಡೀಸೆಲ್ ಬಸ್ ಕಿಲೋಮೀಟರಿಗೆ ಸುಮಾರು 800 ಗ್ರಾಂ. 2.3 ಕಿ.ಮೀ. ಕೊಡುವ ಎಸಿ ಡೀಸೆಲ್ 1,400. 12 ಮೀಟರಿನ ಎಸಿ ಇ-ಬಸ್ 1.2 ಯೂನಿಟ್ ಎಳೆದರೆ, ಡಿಪೋಗೆ ಹೈಟೆನ್ಷನ್ ಸಂಪರ್ಕವಿರುವುದರಿಂದ ತಂತಿ ನಷ್ಟ ಶೇ 8 ಹಿಡಿದು, 1,010 ಗ್ರಾಂ. ಸಮಕ್ಕೆ ಸಮ ಹೋಲಿಸಿದರೆ ಗೆಲುವು ಸ್ಪಷ್ಟ. ಇನ್ನು 40 ಜನ ಕೂತ ಆ ಬಸ್ಸಿನ ಪ್ರಯಾಣಿಕರೊಬ್ಬರ ಪಾಲು 25 ಗ್ರಾಂ, ಒಬ್ಬರೇ ಹೋಗುವ ಇ-ಸ್ಕೂಟರಿನ 31ಕ್ಕಿಂತ ಕಡಿಮೆ. ವಾಹನ-ಕಿಲೋಮೀಟರ್ ಬಿಟ್ಟು ಪ್ರಯಾಣಿಕ-ಕಿಲೋಮೀಟರ್ ಹಿಡಿದಾಗ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಚೆನ್ನಾಗಿ ಓಡುತ್ತಿರುವ ಹಳೆ ಪೆಟ್ರೋಲ್ ಸ್ಕೂಟರ್ ಮಾರಿ ಇವಿ ಕೊಳ್ಳುವುದು ಸರಿಯೇ?

ಆಗ ಸಾಲ ಬ್ಯಾಟರಿಯದ್ದಷ್ಟೇ ಅಲ್ಲ, ಇಡೀ ಹೊಸ ಗಾಡಿಯದು. ಉಳಿದ ಭಾಗಕ್ಕೆ ಸುಮಾರು 400 ಕೆಜಿ ಹಿಡಿದರೆ ಒಟ್ಟು 640 ಕೆಜಿ, ತೀರಲು 20,000 ಕಿ.ಮೀ. ದಿನಕ್ಕೆ 25 ಕಿ.ಮೀ. ಓಡಿಸುವವರಿಗೆ ಎರಡು ವರ್ಷದ ಮೇಲೆ ಸ್ವಲ್ಪ, ಆಗಲೂ ಲಾಭವೇ. ದಿನಕ್ಕೆ 5 ಕಿ.ಮೀ. ತರಕಾರಿ ತರಲು ಹೋಗುವವರು ಹಳೆಯದನ್ನೇ ಸರ್ವಿಸ್ ಮಾಡಿಸಿಕೊಂಡು ಓಡಿಸಲಿ.

ವಿದ್ಯಾರ್ಥಿ ಪ್ರಾಜೆಕ್ಟ್‌ಗೆ ಯಾವ ತಂತ್ರಾಂಶ?

ಓಪನ್‌ಎಲ್‌ಸಿಎ ಉಚಿತ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಗ್ರೀಟ್ ಕೂಡ ಉಚಿತ, ವಾಹನಗಳಿಗೆಂದೇ ಮಾಡಿದ್ದು. ಈಕೋಇನ್ವೆಂಟ್ ದತ್ತಾಂಶಕ್ಕೆ ಹಣ ಕೊಡಬೇಕು. ಗ್ರೀಟ್‌ನಲ್ಲಿ ಅಮೆರಿಕದ ಕರೆಂಟು ತುಂಬಿರುತ್ತದೆ. ಅದನ್ನು ಬದಲಿಸದೆ ಒತ್ತಿದರೆ ಬರುವ ಉತ್ತರ ಹುಬ್ಬಳ್ಳಿಯ ಸ್ಕೂಟರಿನದಲ್ಲ. ತಂತ್ರಾಂಶಕ್ಕೆ ಮುಂಚೆ ಮೇಲಿನ ಸ್ಕೂಟರ್ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ಎರಡು ಉತ್ತರಗಳು ಎರಡು ಪಟ್ಟಿಗಿಂತ ದೂರವಿದ್ದರೆ ಯೂನಿಟ್ ಪರಿವರ್ತನೆಯಲ್ಲಿ ತಪ್ಪಿದೆ ಎಂದುಕೊಂಡು ಹುಡುಕಿ. ಮೆಗಾಜೂಲ್‌ಗೂ ಕಿಲೋವ್ಯಾಟ್ ಅವರ್‌ಗೂ ಇರುವ 3.6ರ ಅಂತರ ಅಲ್ಲಿ ಅಡಗಿರುವುದು ಹೆಚ್ಚು.

ಆಮೇಲೆ ನಾಲ್ಕು ಮುಖ್ಯ ಅಂಕಿಗಳನ್ನು ಒಂದೊಂದಾಗಿ ಶೇ 25 ಮೇಲೆ ಕೆಳಗೆ ಮಾಡಿ ನೋಡಿ. ಸ್ಕೂಟರಿನಲ್ಲಿ ಯಾವುದನ್ನು ಅಲುಗಿಸಿದರೂ ಗೆಲ್ಲುವವರು ಬದಲಾಗುವುದಿಲ್ಲ. ಕಾರಿನಲ್ಲಿ ಪ್ಲಗ್‌ನ ಅಂಕಿ 15ರಿಂದ 18.75 ಆದರೆ ಉಳಿತಾಯ 5.3ರಿಂದ 1.9 ಕೆಜಿಗೆ ಕುಸಿದು ಸಾಲ ತೀರುವ ದೂರ 1.7 ಲಕ್ಷ ಕಿ.ಮೀ. ಮುಟ್ಟುತ್ತದೆ. ಆ ಸಾಲನ್ನು ವರದಿಯ ಮೊದಲ ಪುಟದಲ್ಲೇ ಹಾಕಿ. ಎರಡು ಕಂಪನಿಗಳ ವಾಹನ ಹೋಲಿಸಿ ಸಾರ್ವಜನಿಕವಾಗಿ ಒಂದು ಮೇಲು ಎಂದು ಹೇಳುವುದಾದರೆ ಐಎಸ್‌ಒ 14044ರ ಪ್ರಕಾರ ಕನಿಷ್ಠ ಮೂವರ ಸ್ವತಂತ್ರ ಸಮಿತಿ ಅದನ್ನು ಪರಿಶೀಲಿಸಿರಬೇಕು.